ಟಿಣ್ ಅಂದ ಬಾಟಲಿ

ನನ್ನ ಕೆಲಸ ಮುಚ್ಚಳ ತಟ್ಟುವುದು. ತರಕಾರಿ ಬೇಯಿಸಿ ಗಾಜಿನ ಬಾಟಲಿಗಳಲ್ಲಿ ತುಂಬುವ ಕಾರ್ಖಾನೆ ನಮ್ಮದು. ಬೆಲ್ಟಿನ ಮೇಲೆ ಬಾಟಲಿಗಳು ಸಾಲಾಗಿ ಬರುತ್ತವೆ. ತುದಿಯಲ್ಲಿ ಗುಂಡು ಇರುವ ಒಂದು ಉಕ್ಕಿನ ಕಡ್ಡಿಯಿಂದ ನಾನು ಪ್ರತಿಯೊಂದರ ತಗಡಿನ ಮುಚ್ಚಳಕ್ಕೂ ಒಂದೊಂದು ಏಟು ಕೊಡುತ್ತೇನೆ. ಟಿಣ್ ಅಂದರೆ ಒಳಗೆ ಗಾಳಿಯಿಲ್ಲ, ಮುಚ್ಚಳ ಬಿಗಿಯಾಗಿದೆ, ಮುಂದೆ ಹೋಗಲಿ. ಬದ್ ಅಂದರೆ ಎಲ್ಲೋ ಗಾಳಿ ಸೇರಿದೆ, ಪಕ್ಕಕ್ಕಿಡು. ಹನ್ನೊಂದು ವರ್ಷದಿಂದ ಇದೇ. ಕನಸಿನಲ್ಲೂ ಇದೇ ಸದ್ದು.

ಮದುವೆಯಾದ ಹೊಸದರಲ್ಲಿ ಈ ವಿದ್ಯೆಯನ್ನು ಗಂಡನಿಗೂ ಅವರ ಅಕ್ಕನಿಗೂ ತೋರಿಸಿದ್ದೆ. ಒಂದು ಜಾಮ್ ಬಾಟಲಿ ಹಿಡಿದು, "ಟಿಣ್ ಅಂದ್ರೆ ಒಳ್ಳೇದು, ಬದ್ ಅಂದ್ರೆ ಕೆಟ್ಟಿದೆ" ಎಂದಿದ್ದೆ. ಇಷ್ಟೇ ಹೇಳಿದ್ದು. ಮನೆಯವರಿಗೆ ಇಷ್ಟು ಸಾಕು ಅನ್ನಿಸಿತ್ತು.

ಅವರು ಅದನ್ನು ತಮಾಷೆ ಮಾಡಿಕೊಂಡರು. ನನಗೆ ಭಯ ಜಾಸ್ತಿ, ಅದನ್ನು ಒಪ್ಪಿಕೊಳ್ಳುತ್ತೇನೆ. ಬೀಗ ಹಾಕಿ ಬೀದಿಯ ತಿರುವಿನಿಂದ ವಾಪಸು ಬಂದು ಬೀಗ ಎಳೆದು ನೋಡುವವಳು ನಾನು. ಊಟಕ್ಕೆ ಕೂತಾಗ ನಾನು "ಹುಷಾರು" ಅಂದರೆ ಸಾಕು, ಗಂಡ ಚಮಚ ತೆಗೆದು ಲೋಟಕ್ಕೆ ತಟ್ಟುತ್ತಿದ್ದರು. ಟಿಣ್ ಟಿಣ್. ಅಂದರೆ, ಎಲ್ಲ ಸರಿಯಿದೆ, ಬಾಯಿ ಮುಚ್ಚು. ಅತ್ತಿಗೆಯೂ ತಟ್ಟುತ್ತಿದ್ದರು. ನಾನೂ ನಗುತ್ತಿದ್ದೆ.

ಆ ಭಾನುವಾರ ಮಧ್ಯಾಹ್ನ ನನ್ನ ಗಂಡನ ಬಸ್ ಡಿಪೋದ ಫೋರ್‌ಮನ್ ಮತ್ತು ಅವರ ಹೆಂಡತಿ ಮೊದಲ ಸಲ ನಮ್ಮನೆಗೆ ಊಟಕ್ಕೆ ಬರುವವರಿದ್ದರು. ಬಿಸಿಲು ಎಷ್ಟಿತ್ತೆಂದರೆ ಮೆಟ್ಟಿಲಿನ ಕಬ್ಬಿಣದ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಒಲೆ ಹಚ್ಚದ ಊಟ ಮಾಡೋಣ ಎಂದು ಗಂಡನೇ ಹೇಳಿದ್ದರು. ಬೆಳಿಗ್ಗೆ ಆರಕ್ಕೆ ಎದ್ದು ಆಲೂಗಡ್ಡೆ, ಮೊಟ್ಟೆ ಬೇಯಿಸಿ ಆರಲು ಬಿಟ್ಟಿದ್ದೆ, ಅಷ್ಟೇ ಬೆಂಕಿ. ಸೌತೆಕಾಯಿಯನ್ನು ತೆಳ್ಳಗೆ ಹೆಚ್ಚಿ ಉಪ್ಪು ಹಾಕಿ ನೀರು ಹಿಂಡಿ, ಗಟ್ಟಿ ಮೊಸರು, ಪುದೀನ ಸೇರಿಸಿ ಫ್ರಿಜ್ಜಿನಲ್ಲಿಟ್ಟಿದ್ದೆ. ಕಲ್ಲಂಗಡಿ ಹೋಳಿಗೆ ನಿಂಬೆರಸ, ಕಾಳುಮೆಣಸಿನ ಪುಡಿ. ಟೊಮೇಟೊ, ಈರುಳ್ಳಿ, ಬ್ರೆಡ್ಡು. ಒಂದು ದೊಡ್ಡ ಜಗ್ಗಿನ ತುಂಬ ನಿಂಬೆ ಶರಬತ್ತು.

ಗಂಡ ತಟ್ಟೆ ಒರೆಸುತ್ತ ಹೇಳಿದರು: "ಇವತ್ತೊಂದಿನ ನಿನ್ನ ಬಾಯಿಗೂ ಒಂದು ಮುಚ್ಚಳ ಹಾಕ್ಕೋ. ಫೋರ್‌ಮನ್ ಮುಂದೆ ಮೊಸರು ಎಷ್ಟು ಹೊತ್ತು ಹೊರಗಿತ್ತು ಅಂತೆಲ್ಲ ಶುರು ಮಾಡಬೇಡ."

"ನಾನೇನ್ರೀ ಶುರು ಮಾಡ್ತೀನಿ?"

"ಹೋದ ಸಲ ನನ್ನ ಸ್ನೇಹಿತನ ಕೈಯಿಂದ ಮೊಟ್ಟೆ ಕಿತ್ಕೊಂಡೆ."

"ಅದರ ಸಿಪ್ಪೆ ಒಡೆದಿತ್ತು."

"ಅವನ ಬಾಯಿ ತೆರೆದಿತ್ತು! ಪಾಪ, ಹಾಗೇ ಮುಚ್ಕೊಂಡ."

ನಾನು ಮಾತು ಕೊಟ್ಟೆ. ಇವತ್ತು ಒಂದೂ "ಹುಷಾರು" ಇಲ್ಲ.

ಹನ್ನೊಂದು ಗಂಟೆಗೆ ಅತ್ತಿಗೆ ಬಂದರು. ತಾಯಿ ತೀರಿಕೊಂಡ ಮೇಲೆ ನನ್ನ ಗಂಡನನ್ನು ಸಾಕಿದ್ದು ಅವರೇ. ಎರಡು ಬೀದಿ ಆಚೆ ಒಬ್ಬರೇ ಇದ್ದಾರೆ, ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಅವರ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಏನೋ ಇತ್ತು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಿಚ್ಚಿದರು.

"ನೀನು ಎರಡು ಬಾಟಲಿ ಕೊಟ್ಟಿದ್ದೆಯಲ್ಲ, ಅದರಲ್ಲಿ ಒಂದು. ಬೆಳ್ಳುಳ್ಳಿ ಎಣ್ಣೆ. ಆಲೂಗಡ್ಡೆ ಮೇಲೆ ಸುರಿದು ನೋಡು, ಆಮೇಲೆ ಮಾತಾಡು."

ಗಾಜಿನಲ್ಲಿ ಸಣ್ಣ ಗುಳ್ಳೆ ಉಳಿದ ಬಾಟಲಿಗಳನ್ನು ಕಾರ್ಖಾನೆ ಮಾರುವುದಿಲ್ಲ, ನಮಗೆ ಜೊತೆ ಜೊತೆಯಾಗಿ ಕೊಡುತ್ತದೆ. ಅಂಥದೇ ಬಾಟಲಿ. ಹೊಂಬಣ್ಣದ ಎಣ್ಣೆಯೊಳಗೆ ಹಸಿ ಬೆಳ್ಳುಳ್ಳಿ ಎಸಳುಗಳು ಬೆಳ್ಳಗೆ ನಿಂತಿದ್ದವು. ನೋಡಲು ಚಂದವೇ ಇತ್ತು.

"ಯಾವಾಗ ಮಾಡಿದ್ರಿ ಅತ್ತಿಗೆ?"

"ಮೂರು ವಾರ ಆಯ್ತು. ಎಣ್ಣೆ ಬೆಚ್ಚಗೆ ಮಾಡಿ ಸುರಿದು, ಬಿಸಿ ಇರೋವಾಗ್ಲೇ ಮುಚ್ಚಳ ಬಿಗಿದು ಕಿಟಕೀಲಿಟ್ಟೆ. ಬಿಸಿಲಿಗೆ ರುಚಿ ಇಳೀಲಿ ಅಂತ. ಸಾಯಂಕಾಲ ಮುಚ್ಚಳ ತಾನಾಗೇ ಟಪ್ ಅಂತ ಒಳಕ್ಕೆ ಕೂತ್ಕೊಳ್ತು ಕಣೇ, ಥೇಟು ನಿಮ್ಮ ಕಾರ್ಖಾನೆದರ ಥರ! ಕೇಳು ಬೇಕಾದ್ರೆ."

ಚಮಚ ತೆಗೆದು ಮುಚ್ಚಳದ ನಡುವೆ ತಟ್ಟಿದರು.

ಟಿಣ್.

ಅಷ್ಟು ಶುದ್ಧವಾದ ಸದ್ದನ್ನು ನಾನು ದಿನಕ್ಕೆ ಹತ್ತು ಸಲ ಕೇಳಿದರೆ ಹೆಚ್ಚು. ಬೆಲ್ಟಿನ ಮೇಲೆ ಬಂದಿದ್ದರೆ ಕಣ್ಣು ಮುಚ್ಚಿ ಮುಂದೆ ಬಿಡುತ್ತಿದ್ದೆ. ಆದರೆ ಚಮಚ ತೆಗೆದುಕೊಂಡು ನಾನೇ ಇನ್ನೊಮ್ಮೆ ತಟ್ಟಿದೆ. ಗಾಳಿ ಇಲ್ಲ. ಒಳಗೆ ಚೂರೂ ಗಾಳಿ ಇಲ್ಲ. ಅದರ ಬಗ್ಗೆ ಯಾರೋ, ಎಲ್ಲೋ, ಏನೋ ಹೇಳಿದ್ದರು.

"ಚೆನ್ನಾಗಿದೆ ಅಲ್ವಾ?" ಎಂದರು ಅತ್ತಿಗೆ.

"ಚೆನ್ನಾಗಿದೆ," ಎಂದೆ.

ಅವರು ತಮ್ಮನ ಜೊತೆ ಮೇಜು ಸರಿಸಲು ಹೋದರು. ನಾನು ಮಲಗುವ ಕೋಣೆಗೆ ಹೋಗಿ ಮಂಚದಡಿಯ ಪೆಟ್ಟಿಗೆ ಎಳೆದೆ. ನಾಲ್ಕು ವರ್ಷದ ಹಿಂದೆ ಕೆಲಸ ಮುಗಿಸಿಕೊಂಡು ಸಂಜೆ ತರಗತಿಗೆ ಹೋಗುತ್ತಿದ್ದೆ, ಆಹಾರ ಸಂರಕ್ಷಣೆಯ ಸರ್ಟಿಫಿಕೇಟಿಗೆ. ನೀಲಿ ನೋಟುಪುಸ್ತಕ ತಳದಲ್ಲಿತ್ತು. ಆ ಪುಟವೂ ಸಿಕ್ಕಿತು. "ಮಣ್ಣಿನಲ್ಲಿ ಬೆಳೆಯುವ ತರಕಾರಿ. ಬೆಳ್ಳುಳ್ಳಿ, ಎಣ್ಣೆ. ವಾಸನೆ ಬರುವುದಿಲ್ಲ, ರುಚಿ ಕೆಡುವುದಿಲ್ಲ. ಗಾಳಿ ಇಲ್ಲದ ಕಡೆ" ಎಂದು ಬರೆದಿದ್ದೆ. ಅಲ್ಲಿಂದ ಮುಂದೆ ಅಕ್ಷರವಿಲ್ಲ. ಪೆನ್ಸಿಲ್ ಗೆರೆ ಓರೆಯಾಗಿ ಜಾರಿ ಪುಟದ ಅಂಚಿಗೆ ಹೋಗಿತ್ತು. ನಾನು ಅಲ್ಲೇ ನಿದ್ದೆ ಹೋಗಿದ್ದೆ.

ಗಾಳಿ ಇಲ್ಲದ ಕಡೆ ಏನು? ಬೆಳೆಯುತ್ತದೆಯೋ, ಸಾಯುತ್ತದೆಯೋ? ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿಟ್ಟು ಬೇರೆ ಬರೆದಿದ್ದೆ. ಬೆಳೆಯುತ್ತದೆ ಎಂದೇ ಮನಸ್ಸು ಹೇಳುತ್ತಿತ್ತು. ಆದರೆ ನನ್ನ ಮನಸ್ಸು ಬೀಗ ಹಾಕಿಲ್ಲ ಎಂದೂ ಹೇಳುತ್ತದೆ.

ಹೊರಗೆ ಬಾಗಿಲು ತಟ್ಟಿದ ಸದ್ದು, ಗಂಡನ ಜೋರು ನಗು. ಅತಿಥಿಗಳು ಬಂದಿದ್ದರು.

ನಾನು ಮಾಡಿದ್ದು ಹೇಡಿಯ ಕೆಲಸ. ಬಾಟಲಿಯನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟೆ. ಆಲೂಗಡ್ಡೆಗೆ ಮನೆಯ ಎಣ್ಣೆ, ನಿಂಬೆರಸ, ಆಗ ತಾನೇ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಹಾಕಿ ಕಲಸಿ ತಂದಿಟ್ಟೆ. ಅತ್ತಿಗೆ ಹುಬ್ಬು ಹಾರಿಸಿ ಕೇಳಿದರು. ನಾನು ತಲೆಯಾಡಿಸಿದೆ. ಹೌದು, ನಿಮ್ಮದೇ.

ಊಟ ಚೆನ್ನಾಗಿ ಸಾಗಿತು. ಫೋರ್‌ಮನ್ ದಪ್ಪ ಮನುಷ್ಯ, ಧಾರಾಳ ನಗು. ಗಂಡ ಚಮಚದ ಕಥೆಯನ್ನು ಅವರಿಗೂ ಹೇಳಿಬಿಟ್ಟರು.

"ಅಂದ್ರೆ ನಿಮ್ಮ ಹೆಂಡತಿ ಹೆದರಿಸಿದಾಗೆಲ್ಲ ಹೀಗಾ?" ಎಂದು ಫೋರ್‌ಮನ್ ತಮ್ಮ ಲೋಟಕ್ಕೆ ತಟ್ಟಿದರು. ಟಿಣ್ ಟಿಣ್.

"ಅಷ್ಟೇ ಸರ್. ಡಿಪೋಲಿ ಬ್ರೇಕ್ ಪರೀಕ್ಷೆಗಿಂತ ಸುಲಭ."

"ಈ ಆಲೂಗಡ್ಡೆ ಅಂತೂ ಬಾಯಲ್ಲಿಟ್ರೆ ಕರಗುತ್ತೆ," ಎಂದರು ಫೋರ್‌ಮನ್ ಹೆಂಡತಿ. "ಏನು ಹಾಕಿದೀರಿ?"

"ನನ್ನ ಎಣ್ಣೆ," ಎಂದರು ಅತ್ತಿಗೆ. ಅವರ ಮುಖ ಅರಳಿದ್ದನ್ನು ನಾನು ನೋಡಲಾರದೆ ಕಲ್ಲಂಗಡಿ ಬೀಜ ಆರಿಸತೊಡಗಿದೆ. "ಮನೇಲಿ ಇನ್ನೊಂದು ಬಾಟಲಿ ಇದೆ. ನಾಳೆ ನಿಮಗೇ ತಂದುಕೊಡ್ತೀನಿ."

"ಬೇಡ!" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಗಂಡನ ಕೈ ಆಗಲೇ ಚಮಚದ ಮೇಲಿತ್ತು.

"ಆ ಎಣ್ಣೆ ಯಾರೂ ತಿನ್ನಬಾರದು. ಅದರಲ್ಲಿ ವಿಷ ಆಗಿರಬಹುದು. ಇದಕ್ಕೆ ನಾನು ಅದನ್ನ ಹಾಕಿಲ್ಲ."

ಟಿಣ್ ಟಿಣ್ ಟಿಣ್. ಗಂಡ ಶುರು ಮಾಡಿದರು, ಫೋರ್‌ಮನ್ ಜೊತೆಗೂಡಿದರು. ಮೇಜಿನ ಸುತ್ತ ನಗು. ಅತ್ತಿಗೆ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಡಬ್ಬಗಳನ್ನು ಸರಿಸಿ ಬಾಟಲಿ ಹಿಡಿದು ಬಂದರು.

"ಮುಚ್ಚಳಾನೇ ತೆಗೆದಿಲ್ಲ," ಎಂದರು ಮೆಲ್ಲಗೆ. "ನೀನೇ ಹೇಳಿಕೊಟ್ಟಿದ್ದು. ಟಿಣ್ ಅಂದ್ರೆ ಒಳ್ಳೇದು ಅಂತ. ಅನ್ತಾ ಇದೆಯೋ ಇಲ್ವೋ?"

"ಅನ್ನುತ್ತೆ. ಆದ್ರೆ ಅದಕ್ಕೇ..."

"ಖಚಿತವಾಗಿ ಗೊತ್ತಾ ನಿಂಗೆ? ಇದು ವಿಷ ಅಂತ?"

ಓರೆಯಾಗಿ ಜಾರಿದ ಆ ಪೆನ್ಸಿಲ್ ಗೆರೆ ಕಣ್ಣೆದುರು ಬಂತು. ಗೊತ್ತಿಲ್ಲದ್ದನ್ನು ಗೊತ್ತು ಅನ್ನಬಾರದು ಎಂದು ಬೆಳೆದವಳು ನಾನು.

"ಪೂರ್ತಿ ಗೊತ್ತಿಲ್ಲ ಅತ್ತಿಗೆ," ಎಂದೆ.

"ಹೋಗ್ಲಿ ಬಿಡಿ, ಎಣ್ಣೆಗ್ಯಾಕೆ ರಗಳೆ. ನಂಗೆ ಬೇಡ," ಎಂದರು ಫೋರ್‌ಮನ್ ಹೆಂಡತಿ. ಆ ಒಂದು ಮಾತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಅತ್ತಿಗೆ ಬಾಟಲಿಗೆ ಟವೆಲ್ ಸುತ್ತಿ, ಶರಬತ್ತನ್ನೂ ಮುಗಿಸದೆ ಹೊರಟರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನಗೆ ಮಾತ್ರ ಕೇಳುವಂತೆ ಹೇಳಿದರು: "ಇವತ್ತು ರಾತ್ರಿ ಬ್ರೆಡ್ಡಿಗೆ ಇದನ್ನೇ ಹಾಕ್ಕೊಂಡು ತಿಂತೀನಿ. ನಾಳೆ ಬದುಕಿದ್ರೆ ಫೋನ್ ಮಾಡ್ತೀನಿ, ಆಯ್ತಾ?"

ಸೋಮವಾರ ಅವರೇ ಫೋನ್ ಮಾಡಿದರು, ಬೆಳಿಗ್ಗೆ ಏಳಕ್ಕೆ. "ಬದುಕಿದೀನಿ," ಅಂದು ಇಟ್ಟುಬಿಟ್ಟರು.

ಗಂಡ ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನೇ ಲೋಟಕ್ಕೆ ತಟ್ಟಿದರು. ಆಮೇಲೆ ನನ್ನ ಮುಖ ನೋಡಿ, "ಅಕ್ಕನಿಗೆ ತುಂಬ ನೋವಾಗಿದೆ ಕಣೇ. ಎರಡು ದಿನ ಬಿಟ್ಟು ಹೋಗಿ ಕ್ಷಮೆ ಕೇಳು," ಎಂದರು.

ಅಂದು ಕೇಳಿ ತಿಳಿಯೋಣ ಎಂದರೆ, ಕಾರ್ಖಾನೆಯಲ್ಲಿ ಆಹಾರ ಪರೀಕ್ಷಿಸುವ ಲ್ಯಾಬ್ ಮೇಡಂ ರಜೆಯಲ್ಲಿದ್ದರು. ಮಧ್ಯಾಹ್ನ ಅತ್ತಿಗೆಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಕತ್ತರಿಸಿದರು. ಕತ್ತರಿಸುತ್ತಿದ್ದಾರೆ ಎಂದರೆ ಚೆನ್ನಾಗಿದ್ದಾರೆ ಎಂದು ಸಮಾಧಾನ ಮಾಡಿಕೊಂಡೆ.

ಮಂಗಳವಾರ ಚಹಾ ಬಿಡುವಿನಲ್ಲಿ ಲ್ಯಾಬಿನ ಬಾಗಿಲಲ್ಲಿ ನಿಂತು ಕೇಳಿದೆ. ಮೇಡಂ ಕನ್ನಡಕ ತೆಗೆದರು.

"ಇದರಲ್ಲಿ ಅನುಮಾನ ಏನಮ್ಮಾ? ಟಿಣ್ ಅಂದ್ರೆ ಗಾಳಿ ಇಲ್ಲ ಅಂತ, ಅಷ್ಟೇ. ಈ ಕ್ರಿಮಿಗೆ ಬೇಕಾಗಿರೋದೇ ಗಾಳಿ ಇಲ್ಲದ ಜಾಗ. ನಾವು ಕುದಿಯೋ ನೀರಿಗಿಂತ ಹೆಚ್ಚು ಬಿಸೀಲಿ ಬೇಯಿಸಿ ಆಮೇಲೆ ಮುಚ್ಚಳ ತಟ್ತೀವಿ. ಹಸಿ ಬೆಳ್ಳುಳ್ಳೀನ ಬೆಚ್ಚಗಿನ ಎಣ್ಣೇಲಿ ಮುಳುಗಿಸಿ ಮೂರು ವಾರ ಬಿಸಿಲಿಗಿಟ್ರೆ ಅದಕ್ಕೆ ತೊಟ್ಟಿಲು ಕಟ್ಟಿಕೊಟ್ಟ ಹಾಗೆ. ಯಾರಾದ್ರೂ ತಿಂದ್ರಾ?"

"ನಮ್ಮ ಅತ್ತಿಗೆ. ಭಾನುವಾರ ರಾತ್ರಿ. ಸೋಮವಾರ ಬೆಳಿಗ್ಗೆ ಚೆನ್ನಾಗಿದ್ರು."

"ಸೋಮವಾರ ಚೆನ್ನಾಗೇ ಇರ್ತಾರೆ. ಕೆಲವರಿಗೆ ಒಂದೂವರೆ ದಿನ, ಎರಡು ದಿನ ತಗೊಳ್ಳುತ್ತೆ. ಮೊದಲು ಬಾಯಿ ಒಣಗುತ್ತೆ. ಕಣ್ಣಿಗೆ ಎಲ್ಲ ಎರಡೆರಡು ಕಾಣುತ್ತೆ, ರೆಪ್ಪೆ ಜೋತು ಬೀಳುತ್ತೆ, ನಾಲಿಗೆ ತಿರುಗಲ್ಲ. ಕೊನೆಗೆ ಉಸಿರು. ಇಲ್ಲಿ ನಿಂತು ಏನು ಮಾಡ್ತಿದೀಯ?"

ಕಡ್ಡಿಯನ್ನು ಬೆಂಚಿನ ಮೇಲಿಟ್ಟು, ಏಪ್ರನ್ನಿನಲ್ಲೇ ಹೊರಬಿದ್ದೆ. ಬಿಡುವು ಮುಗಿದು ಬೆಲ್ಟು ಮತ್ತೆ ಓಡತೊಡಗಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ತಟ್ಟದ ಬಾಟಲಿಗಳು ನನ್ನ ಹಿಂದೆ ಸಾಗಿಹೋದವು.

ಅತ್ತಿಗೆಯ ಮನೆ ಬಾಗಿಲು ತೆರೆದೇ ಇತ್ತು. ಅವರು ಯಂತ್ರದ ಮುಂದೆ ಕೂತು, ಸೂಜಿಯ ಕಣ್ಣಿಗೆ ದಾರ ಹಾಕಲು ನೋಡುತ್ತಿದ್ದರು. ದಾರದ ತುದಿ ಸೂಜಿಯಿಂದ ಒಂದು ಬೆರಳು ಆಚೆ, ಖಾಲಿ ಗಾಳಿಯಲ್ಲಿ ತಡಕಾಡುತ್ತಿತ್ತು.

"ಬಂದ್ಯಾ?" ಮಾತು ದಪ್ಪಗಿತ್ತು, ಬಾಯಲ್ಲಿ ತುತ್ತು ಇಟ್ಟುಕೊಂಡು ಆಡಿದ ಹಾಗೆ. "ಈ ಸೂಜಿ ನೋಡೇ. ಬೆಳಿಗ್ಗೆಯಿಂದ ಎರಡು ಸೂಜಿ. ಯಾವುದಕ್ಕೆ ಪೋಣಿಸೋದು?"

ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಕಿಟಕಿಯಲ್ಲಿ ಬಾಟಲಿ, ಮೇಲಿನ ಮೂರು ಬೆರಳಿನಷ್ಟು ಎಣ್ಣೆ ಕಡಿಮೆಯಾಗಿತ್ತು. ಬಿಸಿಲು ಅದರೊಳಗೆ ತುಂಬಿಕೊಂಡು ಹೊಳೆಯುತ್ತಿತ್ತು.

"ಏಳಿ ಅತ್ತಿಗೆ. ಆಸ್ಪತ್ರೆಗೆ ಹೋಗೋಣ."

"ಸೆಕೆಗೆ ಕಣೇ. ಸ್ವಲ್ಪ ಮಲಗಿದ್ರೆ..." ಪಕ್ಕದಲ್ಲಿದ್ದ ಚಮಚ ಹಿಡಿದು ನೀರಿನ ಲೋಟಕ್ಕೆ ತಟ್ಟಲು ಕೈ ಎತ್ತಿದರು. ಚಮಚ ಲೋಟದ ಪಕ್ಕ, ಮೇಜಿಗೆ ತಾಗಿತು. ಬದ್.

ಆಗ ಅವರಿಗೂ ಹೆದರಿಕೆಯಾಯಿತು. ಮಗುವಿನಂತೆ ನನ್ನ ಏಪ್ರನ್ ಹಿಡಿದುಕೊಂಡರು.

ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೊತೆಗೊಯ್ದೆ. ತುರ್ತು ವಿಭಾಗದ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ಪಾರ್ಶ್ವವಾಯು ಇರಬೇಕು, ಮೊದಲು ತಲೆಯ ಸ್ಕ್ಯಾನ್ ಆಗಲಿ ಎಂದರು. ನಾನು ಬಾಟಲಿಯನ್ನು ಅವರ ಮೇಜಿನ ಮೇಲಿಟ್ಟು, ಬೆಳ್ಳುಳ್ಳಿ, ಎಣ್ಣೆ, ಬಿಸಿಲು, ಮೂರು ವಾರ, ಭಾನುವಾರ ರಾತ್ರಿ ಎಂದು ಒಂದೊಂದೇ ಹೇಳಿದೆ.

"ಖಚಿತವಾಗಿ ಗೊತ್ತಾ ನಿಮಗೆ?"

ಅದೇ ಪ್ರಶ್ನೆ.

"ಗೊತ್ತು," ಎಂದೆ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಹಿರಿಯ ಡಾಕ್ಟರನ್ನು ಕರೆಯಲು ಎದ್ದು ಹೋದರು. ಇದಕ್ಕೆ ಔಷಧ ಇದೆ, ಆದರೆ ಇಲ್ಲಿಲ್ಲ, ಬೇರೆ ಊರಿನ ದೊಡ್ಡ ಉಗ್ರಾಣದಿಂದ ತರಿಸಬೇಕು ಎಂದರು ಹಿರಿಯರು. ಅದು ವಿಷ ಮುಂದುವರಿಯದಂತೆ ತಡೆಯುತ್ತದೆ, ಆಗಿದ್ದನ್ನು ವಾಪಸು ತರುವುದಿಲ್ಲ. ಅಲ್ಲಿಯವರೆಗೆ ಉಸಿರು ಕಾಯಬೇಕು. ಮಂಚದ ಪಕ್ಕಕ್ಕೆ ಉಸಿರಾಟದ ಯಂತ್ರ ತಂದು ನಿಲ್ಲಿಸಿದರು. ಇನ್ನೂ ಜೋಡಿಸಿರಲಿಲ್ಲ. ಸುಮ್ಮನೆ ನಿಂತಿತ್ತು, ಬಾಗಿಲಲ್ಲಿ ಕಾಯುವವರ ಹಾಗೆ.

ಗಂಡ ಡಿಪೋ ಬಟ್ಟೆಯಲ್ಲೇ ಓಡಿಬಂದರು. ಕೈಯ ಗ್ರೀಸು ಒರೆಸಿಕೊಂಡಿರಲಿಲ್ಲ. "ಅಕ್ಕಾ, ನಾನು ಕಣೇ," ಎಂದರು. ಅತ್ತಿಗೆಗೆ ಆಗ ಎರಡೂ ರೆಪ್ಪೆ ಎತ್ತಲಾಗುತ್ತಿರಲಿಲ್ಲ, ನಾಲಿಗೆ ತಿರುಗುತ್ತಿರಲಿಲ್ಲ. ಕಿವಿ ಕೇಳುತ್ತಿತ್ತು. ನರ್ಸು ಅವರ ಬೆರಳನ್ನು ಮಂಚದ ಕಬ್ಬಿಣದ ಕಂಬಿಯ ಮೇಲಿಟ್ಟು, "ಹೌದು ಅಂದ್ರೆ ಒಂದು ಸಲ, ಇಲ್ಲ ಅಂದ್ರೆ ಎರಡು ಸಲ ತಟ್ಟಿ ಅಮ್ಮಾ," ಎಂದು ಹೇಳಿಕೊಟ್ಟಳು.

ನೋವಿದೆಯಾ? ಎರಡು. ಉಸಿರು ಕಷ್ಟವಾ? ಸ್ವಲ್ಪ ತಡೆದು, ಒಂದು.

ಬೆರಳಿನ ಉಂಗುರ ಕಂಬಿಗೆ ತಾಗಿ ಸಣ್ಣ ಸದ್ದು ಬರುತ್ತಿತ್ತು. ನನ್ನ ಕಿವಿ ಅದನ್ನು ಕಾರ್ಖಾನೆಯಲ್ಲಿ ಮುಚ್ಚಳದ ಸದ್ದು ಕೇಳಿದ ಹಾಗೆಯೇ ಕೇಳುತ್ತಿತ್ತು. ಪ್ರತಿ ಸಲವೂ ಮೊದಲಿಗಿಂತ ಸ್ವಲ್ಪ ಮೆತ್ತಗೆ. ಆ ಸದ್ದು ನಿಲ್ಲುವುದರೊಳಗೆ ಕೇಳಬೇಕಾದ್ದು ಏನೋ ಇದೆ ಅನ್ನಿಸಿತು. ಎಂದಿನ ಹಾಗೆ, ಬೀದಿಯ ತಿರುವಿನಿಂದ ವಾಪಸು ಎಳೆಯುವ ಅನುಮಾನ. ಜೊತೆ ಜೊತೆಯಾಗಿ ಕೊಡುವ ಬಾಟಲಿ.

"ಅತ್ತಿಗೆ, ಇನ್ನೊಂದು ಬಾಟಲಿ ಮನೇಲಿದೆಯಾ?"

ಎರಡು.

"ಯಾರಿಗಾದ್ರೂ ಕೊಟ್ರಾ?"

ಒಂದು.

ಗಂಡ ತಲೆಯೆತ್ತಿದರು.

"ಫೋರ್‌ಮನ್ ಮನೆಗಾ? ನಿನ್ನೆ? ನೀವೇ ಹೋಗಿ ಕೊಟ್ರಾ, ನೋಡಿ ನಾನು ತಿಂದು ಬದುಕಿದೀನಿ ಅಂತ?"

ಮುಚ್ಚಿದ ರೆಪ್ಪೆಯಡಿಯಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಒಂದು.

ಗಂಡನ ಫೋನ್ ಕಸಿದುಕೊಂಡು ಕಾರಿಡಾರಿಗೆ ಬಂದು ಕರೆ ಮಾಡಿದೆ. ಐದಾರು ಸಲ ರಿಂಗಾದ ಮೇಲೆ ಫೋರ್‌ಮನ್ ಹೆಂಡತಿ ಎತ್ತಿದರು.

"ಅಯ್ಯೋ, ನೀವಾ! ನೂರು ವರ್ಷ ಆಯಸ್ಸು ನಿಮಗೆ, ಈಗ ತಾನೇ ನೆನೆಸ್ಕೊಂಡ್ವಿ. ನಿಮ್ಮ ಅತ್ತಿಗೆ ಬೇಡ ಅಂದ್ರೂ ಬಿಡದೆ ತಂದುಕೊಟ್ರು ನೋಡಿ. ಪಾಪ, ಅವರ ಮನಸ್ಸು ನೋಯಿಸೋದ್ಯಾಕೆ ಅಂತ..."

"ಆ ಎಣ್ಣೆ ತಿಂದ್ರಾ?"

"ನಿನ್ನೆ ರಾತ್ರಿನೇ, ಇಬ್ಬರೂ! ಟೊಮೇಟೊ ಮೇಲೆ ಹಾಕ್ಕೊಂಡು. ಬೆರಳು ನೆಕ್ಕೊಂಡು ತಿಂದ್ರು ನಮ್ಮನೆಯವರು."

"ಈಗ ಹೇಗಿದಾರೆ ಅವರು?"

"ಅವರಿಗೇನು, ಗುಂಡುಕಲ್ಲು. ಇವತ್ತು ರಜೆ, ಮನೇಲೇ ಇದಾರೆ. ಬೆಳಿಗ್ಗೆಯಿಂದ ಬಾಯೊಣಗುತ್ತೆ ಬಾಯೊಣಗುತ್ತೆ ಅಂತ ಲೋಟಗಟ್ಟಲೆ ನೀರು ಕುಡೀತಿದಾರೆ. ಈ ಬಿಸಿಲಿಗೆ ಯಾರಿಗೆ ಒಣಗಲ್ಲ ಹೇಳಿ?"

"ಇಬ್ಬರೂ ಈಗಲೇ ಆಸ್ಪತ್ರೆಗೆ ಬನ್ನಿ. ಆ ಎಣ್ಣೇಲಿ ವಿಷ ಇದೆ. ಅವರಿಗೆ ಗಾಡಿ ಓಡಿಸೋಕೆ ಬಿಡಬೇಡಿ."

ಅವರು ಫೋನ್ ದೂರ ಹಿಡಿದು, ನಗುತ್ತ, "ರೀ, ಅವರು ಕಣ್ರೀ. ಮತ್ತೆ ಶುರು ಮಾಡಿದಾರೆ," ಎಂದದ್ದು ಕೇಳಿಸಿತು. ಹಿಂದೆಯೇ, ದೂರದಿಂದ, ಲೋಟಕ್ಕೆ ಚಮಚ ತಾಗುವ ಸದ್ದು.

ಟಿಣ್ ಟಿಣ್.

ಗಂಡ ನನ್ನ ಹಿಂದೆಯೇ ಬಂದು ನಿಂತಿದ್ದರು. ಅವರಿಗೂ ಕೇಳಿಸಿತು. ಫೋನಿಗೆ ಕೈ ಚಾಚಿದರು. ತಮ್ಮ ಫೋರ್‌ಮನ್ ಹತ್ತಿರ ಅವರು ಎಂದೂ ಆ ದನಿಯಲ್ಲಿ ಮಾತಾಡಿರಲಿಲ್ಲ.

"ತಟ್ಟಬೇಡಿ ಸರ್. ನಿಲ್ಸಿ. ನಮ್ಮಕ್ಕನ ಕಣ್ಣು ಮುಚ್ಚಿಹೋಗಿದೆ, ಮಾತು ನಿಂತಿದೆ. ನನ್ನ ಹೆಂಡ್ತಿ ಹೇಳಿದ್ದು ಮೊದಲಿಂದಲೂ ನಿಜ. ಬನ್ನಿ."

ಆ ಕಡೆ ಸದ್ದು ನಿಂತಿತು.

ನಾನು ಹಿರಿಯ ಡಾಕ್ಟರ ಕೋಣೆಗೆ ಓಡಿದೆ. ಅವರು ಉಗ್ರಾಣದವರ ಜೊತೆ ಫೋನಿನಲ್ಲೇ ಇದ್ದರು.

"ಡಾಕ್ಟ್ರೇ, ಒಬ್ಬರಿಗಲ್ಲ. ಮೂರು ಜನಕ್ಕೆ ಹೇಳಿ."

ಖಚಿತವಾಗಿ ಗೊತ್ತಾ ಎಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿ, ಫೋನಿಗೆ "ಮೂರು" ಎಂದರು. ನನ್ನ ಬೆನ್ನ ಹಿಂದೆ, ವಾರ್ಡಿನಲ್ಲಿ, ಯಾರೋ ಉಸಿರಾಟದ ಯಂತ್ರದ ಚಕ್ರದ ಬ್ರೇಕು ತೆಗೆದು ಅದನ್ನು ಮಂಚಕ್ಕೆ ಇನ್ನಷ್ಟು ಹತ್ತಿರ ಸರಿಸಿದರು.